ಓರೆಯಾಗಿ ಬಿದ್ದ ಗುಂಡುಗಳು

ಅಕ್ಕ ರೈಫಲ್ ಮುಟ್ಟದೆ ಹದಿನಾಲ್ಕು ವರ್ಷವಾಯಿತು. ಬಿಡಿಸಿದವಳು ನಾನು.

ಆಗ ಅವಳು ಮಲಗಿ ಗುರಿಯಿಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಬಾವುಟ ನೋಡಿ ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುತ್ತಿದ್ದೆ. ‘ಗಾಳಿ ಪಂಡಿತೆ’ ಎಂದು ರೇಗಿಸುತ್ತಿದ್ದಳು. ತಂಡದ ಆಯ್ಕೆಯ ದಿನ ಗಾಳಿ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇತ್ತು. ಅವಳ ಗುಂಡುಗಳು ಪಕ್ಕಕ್ಕೆ ಸರಿದದ್ದಲ್ಲದೆ ಮೇಲಕ್ಕೂ ಕೆಳಕ್ಕೂ ಹೋದವು. ಪಕ್ಕಕ್ಕೆ ಸರಿಸಿದ್ದು ಗಾಳಿ, ಮೇಲೆ ಕೆಳಗೆ ಮಾಡಿದ್ದು ನಿನ್ನ ಕೈ ಎಂದೆ. ಅಷ್ಟು ಖಚಿತವಾಗಿ ಹೇಳಿದೆ.

ಅಮ್ಮನಿಗೆ ಕೈನಡುಕದ ಕಾಯಿಲೆ ಶುರುವಾದದ್ದು ಅಕ್ಕನ ಆಗಿನ ವಯಸ್ಸಿನಲ್ಲೇ. ಅಕ್ಕ ರೈಫಲನ್ನು ಕ್ಲಬ್ಬಿಗೆ ಒಪ್ಪಿಸಿ ಬಂದಳು. ತಿಂಗಳೊಳಗೆ, ತಾನೇ ಮೆಚ್ಚಿದ್ದವರೊಂದಿಗೆ ಗೊತ್ತಾಗಿದ್ದ ಮದುವೆಯೂ ಬೇಡವೆಂದಳು. ಅಮ್ಮನಿಗೆ ಕೊನೆಯವರೆಗೂ ತುತ್ತು ತಿನ್ನಿಸಿದವಳು ಅವಳೇ. ಆ ಕೆಲಸವನ್ನು ತಾನು ಇಷ್ಟಪಟ್ಟವರ ತಲೆಗೆ ಕಟ್ಟುವುದಿಲ್ಲ ಎಂದಷ್ಟೇ ಹೇಳಿದಳು.

ನಿನ್ನೆ ಕ್ಲಬ್ಬಿನಲ್ಲಿ ಹೊಸ ಕೋಚ್ ಹುಡುಗಿಯರಿಗೆ ಪಾಠ ಮಾಡುತ್ತಿದ್ದರು. ನಳಿಕೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಗಿರ್ರನೆ ತಿರುಗಿಸುತ್ತವೆ, ತಿರುಗುವುದರಿಂದಲೇ ಅದರ ಮೂತಿ ನೆಟ್ಟಗಿರುತ್ತದೆ. ಆದರೆ ತಿರುಗುವ ಬುಗುರಿಯನ್ನು ತಳ್ಳಿದರೆ ಅದು ತಳ್ಳಿದ ಕಡೆಗೇ ವಾಲುವುದಿಲ್ಲ. ಗುಂಡೂ ಹಾಗೆಯೇ. ನಮ್ಮ ರೈಫಲ್‌ಗಳಲ್ಲಿ ಬಲದಿಂದ ಗಾಳಿ ಬಂದರೆ ಅದು ಎಡಕ್ಕೆ ಸರಿದು ತುಸು ಏರುತ್ತದೆ. ಎಡದಿಂದ ಬಂದರೆ ಬಲಕ್ಕೆ ಸರಿದು ತುಸು ಇಳಿಯುತ್ತದೆ. ಅವರು ಬೋರ್ಡಿನ ಮೇಲೆ ಚುಕ್ಕೆಗಳನ್ನಿಟ್ಟರು. ಓರೆಯಾದ ಒಂದು ಸಾಲು. ಅಕ್ಕನ ಗುರಿಹಾಳೆಯಲ್ಲಿ ಇದ್ದದ್ದು ಅದೇ ಸಾಲು.

ಹೇಳುವುದೋ ಬೇಡವೋ ಎಂದು ಬಸ್ಸಿನುದ್ದಕ್ಕೂ ವಾಕ್ಯಗಳನ್ನು ಜೋಡಿಸಿದೆ, ಕೆಡವಿದೆ. ಅಕ್ಕ ಚಹಾ ಸೋಸುತ್ತಿದ್ದಳು.

“ನಿನ್ ಕೈ ನಡುಗಿರ್ಲಿಲ್ಲ ಅಕ್ಕ. ಅದೂ ಗಾಳೀನೇ. ನಾನೇ ತಪ್ಪು ಹೇಳಿದ್ದು.”

ಅವಳು ಲೋಟವನ್ನು ಅಂಚಿನವರೆಗೂ ತುಂಬಿ, ಒಂದು ಹನಿಯೂ ಚೆಲ್ಲದಂತೆ ನನ್ನ ಮುಂದಿಟ್ಟಳು.

“ದಿನಾ ಬೆಳಿಗ್ಗೆ ಹೀಗೆ ತುಂಬಿಸಿ ನೋಡ್ತಿದ್ದೆ ಕಣೇ. ಆರನೇ ವರ್ಷಕ್ಕೇ ಗೊತ್ತಾಯ್ತು, ನಡುಕ ಬರಲ್ಲ ಅಂತ. ಅಷ್ಟರಲ್ಲಿ ಅವರಿಗೆ ಬೇರೆ ಮದುವೆಯಾಗಿ ಮಗೂನೂ ಆಗಿತ್ತು.”

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀನು ಊಟ ನಿದ್ದೆ ಬಿಡ್ತಿದ್ದೆ. ನಿನ್ನನ್ನೂ ನಾನೇ ನೋಡ್ಕೋಬೇಕಾಗ್ತಿತ್ತು.”

ಕೋಚ್ ಇಟ್ಟಿದ್ದ ಚುಕ್ಕೆಗಳನ್ನು ಬರೆದುಕೊಂಡು ಹೋಗಿದ್ದೆ. ಆ ಚೀಟಿಯನ್ನು ಅವಳು ಬಹಳ ಹೊತ್ತು ನೋಡಿದಳು.

“ಹಾಗಾದ್ರೆ ಅವತ್ತು ಚೆನ್ನಾಗೇ ಹೊಡ್ದಿದ್ದೆ ಅನ್ನು.”

ತಲೆಯಾಡಿಸಿದೆ. ಚೀಟಿಯನ್ನು ನಾಲ್ಕಾಗಿ ಮಡಚಿ ನನ್ನ ಕೈಗೇ ಕೊಟ್ಟಳು.

“ಅವರಿಗೆ ಮಾತ್ರ ಹೇಳ್ಬೇಡ. ಪಾಪ, ಈಗ ಅವರಿಗ್ಯಾಕೆ.”