ಗೋಲ್‌ಕಂಬದ ಬುಡದಲ್ಲಿ

ವಿಶ್ವವಿದ್ಯಾಲಯದ ಮಹಿಳಾ ಫುಟ್‌ಬಾಲ್ ತಂಡ ಮೊಟ್ಟಮೊದಲ ಬಾರಿಗೆ ಫೈನಲ್ ತಲುಪಿತ್ತು. ಊರಿಗೆಲ್ಲ ಸಂಭ್ರಮ, ಕೋಚ್‌ಗೆ ಮಾತ್ರ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಗೋಲ್‌ಕೀಪರ್ ಅವಳ ಅಕ್ಕನ ಮಗಳು. 'ಕರುಳಬಳ್ಳಿ ಅಂದಮೇಲೆ ಕೇಳಬೇಕೆ, ಜಾಗ ಗಟ್ಟಿ' ಎಂಬ ಗುಸುಗುಸು ಕ್ರೀಡಾ ವಿಭಾಗದಲ್ಲಿ ನಿಂತೇ ಇರಲಿಲ್ಲ. ಆ ಮಾತಿಗೆ ಅಂಜಿ ಕೋಚ್ ಮಿಕ್ಕವರಿಗಿಂತ ಹೆಚ್ಚಾಗಿ ಆ ಹುಡುಗಿಯ ಬೆವರಿಳಿಸಿದ್ದಳು. ಮೈದಾನಕ್ಕೆ ಕಾಲಿಟ್ಟಮೇಲೆ ತನ್ನನ್ನು ಚಿಕ್ಕಮ್ಮ ಅನ್ನಕೂಡದೆಂದು ಕಟ್ಟಪ್ಪಣೆ ಮಾಡಿದ್ದಳು. ಹುಡುಗಿ ಒಮ್ಮೆಯೂ ತಪ್ಪಿರಲಿಲ್ಲ.

ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಒಂದೊಂದೇ ಗೋಲು. ಬದಲಿ ಆಟಗಾರ್ತಿಯರನ್ನೆಲ್ಲ ಆಗಲೇ ಇಳಿಸಿಯಾಗಿತ್ತು. ಎದುರಾಳಿಗಳ ಕಾರ್ನರ್ ಕಿಕ್ ತೂಗಿ ಬಂತು. ಹುಡುಗಿ ಗುಂಪನ್ನು ಸೀಳಿಕೊಂಡು ಹಾರಿ ಚೆಂಡನ್ನು ಗುದ್ದಿದಳು. ಚೆಂಡು ಹೊರಗೆ ಹೋಯಿತು. ಅವಳ ತಲೆ ಕಬ್ಬಿಣದ ಕಂಬಕ್ಕೆ ಬಡಿದ ಸದ್ದು ಬೆಂಚಿನವರೆಗೂ ಕೇಳಿಸಿತು.

ಕೋಚ್ ಬಿದ್ದಂಬೀಳ ಓಡಿದಳು. ಅಷ್ಟರಲ್ಲಿ ಹುಡುಗಿ ಎದ್ದು ಕೂತು ನಗುತ್ತಿದ್ದಳು. ಪ್ರಥಮ ಚಿಕಿತ್ಸೆಗೆಂದು ಮೈದಾನದಲ್ಲಿದ್ದ ನರ್ಸ್ ಕೇಳಿದ್ದಕ್ಕೆಲ್ಲ, ಹೆಸರು, ಊರು, ಸ್ಕೋರು, ಪಟಪಟ ಉತ್ತರ ಕೊಟ್ಟಳು.

"ಏನಾಗಿಲ್ಲ, ಆಡ್ತೀನಿ," ಎಂದು ಎದ್ದು ನಿಂತಳು. ಕೋಚ್‌ಗೆ ಹೋದ ಜೀವ ಬಂದಂತಾಯಿತು.

ಆಗ ಹುಡುಗಿ ಸುತ್ತ ಕಣ್ಣಾಡಿಸಿ, "ಚಿಕ್ಕಮ್ಮಾ, ನನ್ನ ಗ್ಲೌಸ್ ಎಲ್ಲಿ?" ಅಂದಳು.

ಗ್ಲೌಸ್ ಅವಳ ಕೈಯಲ್ಲೇ ಇದ್ದವು.

ಕೋಚ್ ಅವಳ ಭುಜ ಹಿಡಿದು ನಿಲ್ಲಿಸಿದಳು. ಬೇಲಿಯಾಚೆಯಿಂದ ಕ್ರೀಡಾ ನಿರ್ದೇಶಕರು ಕೂಗಿದರು: "ಎದ್ದು ನಿಂತಿದ್ದಾಳಲ್ಲ ಮೇಡಂ, ಆಡ್ಲಿ ಬಿಡಿ! ಇನ್ನೇನು ಮುಗೀತು ಆಟ!"

ಹೊರಗೆ ಕರೆದರೆ ಹತ್ತೇ ಜನರ ಆಟ. ಗೋಲಿಗೆ ಯಾರಾದರೂ ನಿಲ್ಲಲೇಬೇಕು. ಗೆಲುವು ಕೈತಪ್ಪಿದಂತೆಯೇ. 'ತನ್ನವಳು ಅಂತ ಕಾಪಾಡಿಕೊಂಡಳು' ಎಂದು ನಾಳೆ ಇದೇ ಬಾಯಿಗಳು ಆಡಿಕೊಳ್ಳುತ್ತವೆ. ಬೇರೆಯವರ ಮಗಳಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೋಚ್ ತನ್ನನ್ನೇ ಕೇಳಿಕೊಂಡಳು. ಉತ್ತರಕ್ಕೆ ಹುಡುಕಾಡಬೇಕಾಗಲಿಲ್ಲ.

"ಇವಳು ಆಡಲ್ಲ," ಎಂದು ರೆಫರಿಗೆ ಹೇಳಿದಳು.

"ಮೇಡಂ, ಕಪ್ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷ ತಂಡ ಇರುತ್ತೋ ಇಲ್ವೋ, ನಾನಂತೂ ಹೇಳೋಕಾಗಲ್ಲ!" ನಿರ್ದೇಶಕರು ಮತ್ತೆ ಕೂಗಿದರು.

"ತಂಡ ಇಲ್ದಿದ್ರೂ ಪರವಾಗಿಲ್ಲ ಸರ್, ಹುಡುಗಿ ಇರ್ಬೇಕು."

ಹುಡುಗಿ ಕಂಬವನ್ನು ತಬ್ಬಿಕೊಂಡು ಬಿಡಲೊಲ್ಲೆ ಎಂದಳು. "ನೀನು ಹೆದರಿದ್ದೀಯ! ಜನಕ್ಕೆ ಹೆದರಿದ್ದೀಯ!" ಎಂದು ಕಿರುಚಿದಳು. ಕಿರುಚುತ್ತಲೇ ಬಗ್ಗಿ ವಾಂತಿ ಮಾಡಿಕೊಂಡಳು.

ಎತ್ತರಕ್ಕಾಗಿ ಎಲ್ಲರೂ 'ಏಣಿ' ಎನ್ನುತ್ತಿದ್ದ ಕ್ಯಾಪ್ಟನ್ ಅವಳ ಕೈಯಿಂದ ಗ್ಲೌಸ್ ಬಿಡಿಸಿ ತಾನು ಹಾಕಿಕೊಂಡಳು. "ನೀವು ಹೋಗಿ ಕೋಚ್. ಇಲ್ಲಿ ನಾವು ನೋಡ್ಕೋತೀವಿ."

ಆಂಬ್ಯುಲೆನ್ಸಿನಲ್ಲಿ ಹುಡುಗಿಯ ಮಾತು ತೊದಲತೊಡಗಿತು. ಆಸ್ಪತ್ರೆ ತಲುಪುವವರೆಗೂ ಕೋಚ್ ಅವಳ ಕೆನ್ನೆ ತಟ್ಟುತ್ತ, "ಕಣ್ಣು ಮುಚ್ಚಬೇಡ ಪುಟ್ಟಿ, ಬೈತಾ ಇರು ನನ್ನ," ಎನ್ನುತ್ತಲೇ ಇದ್ದಳು.

ಸ್ಕ್ಯಾನ್ ನೋಡಿದ ಡಾಕ್ಟರು ತಲೆಯೊಳಗೆ ಸ್ವಲ್ಪ ರಕ್ತ ಒಸರಿದೆ ಎಂದರು. ಔಷಧಿಯಲ್ಲೇ ಹತೋಟಿಗೆ ಬರುತ್ತದಂತೆ. "ಇನ್ನೊಂದು ಪೆಟ್ಟು ಬಿದ್ದಿದ್ರೆ ನಮ್ಮ ಕೈಲಿ ಇರ್ತಿರ್ಲಿಲ್ಲಮ್ಮ."

ಸಂಜೆ ಏಣಿ ಬಂದಳು, ಮೈಯೆಲ್ಲ ಕೆಸರು. ಮಂಚದ ಪಕ್ಕ ನಿಂತಳು. ಮುಖ ನೋಡಿದರೇ ಫಲಿತಾಂಶ ತಿಳಿಯುತ್ತಿತ್ತು.

"ಕೊನೇ ಗಳಿಗೇಲಿ ಒಂದು ಬಿಟ್ಬಿಟ್ಟೆ ಕಣೇ," ಎಂದು ಬಿಕ್ಕಿದಳು.

ಹುಡುಗಿ ಅವಳ ಕಡೆ ತಿರುಗಿದಳು. "ಯಾವ ಕಡೆ ಹಾರ್ದೆ?"

"ಎಡಕ್ಕೆ."

"ಬಲಕ್ಕೆ ಹಾರ್ಬೇಕಿತ್ತು, ಕತ್ತೆ." ನಗಲು ಹೋಗಿ, ನೋವಿಗೆ ತಲೆ ಹಿಡಿದುಕೊಂಡಳು. ಚಿಕ್ಕಮ್ಮನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ನೋಡದಿದ್ದರೆ ಬೇಡ, ಸಿಟ್ಟು ಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದಾಳಲ್ಲ ಎಂದು ಕೋಚ್ ಸಮಾಧಾನಪಟ್ಟುಕೊಂಡಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕ.

"ಏನೇ, ಗೆದ್ರಾ?"

"ಇಲ್ಲಕ್ಕ, ಸೋತ್ವಿ," ಎಂದಳು ಕೋಚ್. "ಗಾಬರಿಯಾಗ್ಬೇಡ, ಆಸ್ಪತ್ರೇಲಿದ್ದೀವಿ. ಮಗಳು ಇಲ್ಲೇ ಇದ್ದಾಳೆ. ತಗೋ, ಮಾತಾಡು."