ವಗೀದಾ ಇಲ್ಲದ ಹುಳ

ಇಪ್ಪತ್ತಾರು ವರ್ಷ ನಮ್ಮ ತಳಿವಿಜ್ಞಾನ ಪ್ರಯೋಗಾಲಯದಲ್ಲಿ ಸಾಕುವ ನೊಣಗಳಿಗೆ ಅಡುಗೆ ಮಾಡಿಹಾಕಿದ ವಗೀದಾಗೆ ಅದೇ ಕೊನೆಯ ದಿನ. ನಮಗೆಲ್ಲ ಅವಳು ಚಿಕ್ಕಮ್ಮ, ಖಾಲ್ತಿ. ಮುಸುಕಿನ ಜೋಳದ ಹಿಟ್ಟು, ಕಬ್ಬಿನ ಕಾಕಂಬಿ, ಯೀಸ್ಟು, ಸಾಮಾನು ಯಾರಿಗೆ ಗೊತ್ತಿಲ್ಲ? ಹದ ಮಾತ್ರ ಅವಳ ಕೈಯಲ್ಲಿ. ನಾವು ಬೇಯಿಸಿದಾಗಲೆಲ್ಲ ಬೂಷ್ಟು ಹಿಡಿದು ನೊಣಗಳು ಸತ್ತವು. ಅಲೆಕ್ಸಾಂಡ್ರಿಯಾ ಬಿಡುವ ಮುಂಚೆ, ಚಹಾ ಆದಮೇಲೆ ಹೇಳಿಕೊಡುತ್ತೇನೆ ಎಂದಿದ್ದಳು.

ಅಷ್ಟರಲ್ಲಿ ನನ್ನ ವಿದ್ಯಾರ್ಥಿನಿ ಯುಸ್ತಿನಾ, ಬಾಯಿಗೆ ಬೀಗವಿಲ್ಲದ ಹುಡುಗಿ, ಒಳಗಿನಿಂದ ಡಾಕ್ಟರಮ್ಮನಾದ ನನ್ನನ್ನು ಕೂಗಿದಳು: "ದಕ್ತೂರಾ, ವಗೀದಾ ನೋಡಿದ್ರಾ? ಮೈತುಂಬ ಮುಳ್ಳು! ಒಂದು ಗೆರೆಯೂ ನೆಟ್ಟಗಿಲ್ಲ!"

ಒಲೆಯ ಹತ್ತಿರ ಸೌಟು ಬಿದ್ದ ಸದ್ದಾಯಿತು.

ತಲೆ ಚಚ್ಚಿಕೊಳ್ಳುವುದೊಂದು ಬಾಕಿ ನನಗೆ. ಹೊಸದಾಗಿ ಸಿಕ್ಕ ಜೀನಿಗೆ ಅವಳ ಹೆಸರಿಟ್ಟು, ಸಂಜೆ ಹೇಳೋಣವೆಂದು ಮುಚ್ಚಿಟ್ಟಿದ್ದೆವು. ಯುಸ್ತಿನಾ ನೋಡುತ್ತಿದ್ದದ್ದು ಆ ಜೀನು ಕೆಟ್ಟ ನೊಣದ ಮರಿಹುಳವನ್ನು.

"ಕೆಟ್ಟ ಹುಳಕ್ಕೆ ನನ್ನ ಹೆಸರಾ?" ಖಾಲ್ತಿ ಏಪ್ರನ್ ಬಿಚ್ಚಿ ಬಿಸಾಡಿದಳು. "ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಇದಾ ಮರ್ಯಾದೆ? ಇನ್ಮೇಲೆ ನೀವೇ ಬೇಯಿಸ್ಕೊಳ್ಳಿ. ನಾನು ಹೇಳ್ಕೊಡಲ್ಲ!"

"ಮೊದಲು ನೋಡು ಖಾಲ್ತಿ, ಆಮೇಲೆ ಹೊಡಿ." ಎಳೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ.

"ಮೊಟ್ಟೆಯೊಳಗೆ ಮೈ ಬೆಳೆಯೋವಾಗ ಒಂದು ಸಾಲಿನ ಜೀವಕೋಶ ಪಕ್ಕದ ಸಾಲಿಗೆ ಸುದ್ದಿ ಕಳಿಸುತ್ತೆ. ಅದೂ ಮರುಸುದ್ದಿ ಕಳಿಸುತ್ತೆ. ಆ ಮಾತುಕತೆ ಇದ್ರೇನೇ ನಡುವಿನ ಗೆರೆ ನಿಲ್ಲೋದು, ಇಲ್ಲದಿದ್ರೆ ಮೈಯೆಲ್ಲ ಮುಳ್ಳು. ಸುದ್ದಿ ಮುಟ್ಟಿಸೋದು ಈ ಜೀನು. ನಮ್ಮ ನೊಣದವರ ಪದ್ಧತಿ ತಿರುವುಮುರುವು, ಜೀನು ಇಲ್ಲದಾಗ ಏನು ಹಾಳಾಗುತ್ತೋ ಅದನ್ನ ನೋಡಿ ಹೆಸರಿಡ್ತೀವಿ. ರೆಕ್ಕೆ ಬರಿಸೋ ಜೀನಿಗೆ 'ರೆಕ್ಕೆಯಿಲ್ಲದ್ದು' ಅಂತ ಹೆಸರು! ಇದು ವಗೀದಾ ಅಲ್ಲ, ವಗೀದಾ ಇಲ್ಲದ ಹುಳ. ನೀನಿಲ್ಲದಿದ್ರೆ ನಾವು ಹೀಗೇ."

ಅವಳು ಬಗ್ಗಿ ಮಸೂರಕ್ಕೆ ಕಣ್ಣಿಟ್ಟಳು.

"ಪಾಪ, ಇವು ಬದುಕಲ್ವಾ?"

"ಇಲ್ಲ. ಅಪ್ಪನಿಂದಲೋ ಅಮ್ಮನಿಂದಲೋ ಈ ಜೀನಿನ ಒಳ್ಳೇ ಪ್ರತಿ ಒಂದು ಬಂದಿದ್ರೆ ಬದುಕ್ತವೆ."

"ಒಂದೇ ಸಾಕಾ?"

"ಸಾಕು."

ಖಾಲ್ತಿ ಮೂಗೊರೆಸಿಕೊಂಡು ಎದ್ದಳು. ಬಿಸಾಡಿದ್ದ ಏಪ್ರನ್ ಎತ್ತಿ, ಕೊಡವಿ, ನನ್ನ ಕೊರಳಿಗೆ ಹಾಕಿದಳು.

"ಕಾಗದ ತಗೋ ಮಗಳೇ. ಒಂದು ಪ್ರತಿ ಇರ್ಲಿ."

ತೆಗೆದುಕೊಂಡೆ. ಕಣ್ಣು ಮಂಜಾಗಿ ಗೆರೆಯೇ ಕಾಣುತ್ತಿರಲಿಲ್ಲ.

"ಮೊದಲನೇದು ಬರ್ಕೋ," ಎಂದಳು. "ಕಾಕಂಬಿ ಕುದಿಯೋವಾಗ ಪಾತ್ರೆ ಮುಂದೆ ನಿಂತು ಅಳಬಾರದು. ಉಪ್ಪಾಗುತ್ತೆ."