ಮುದ್ರೆಯೊಡೆಯದ ನೀರು

ಬಿಳಿಯ ಮುಚ್ಚಳದ ಮೇಲೆ ಕಬ್ಬಿಣದ ಎರಡು ಬೆರಳು, ಜಾರಿದವು, ಮತ್ತೆ ಹಿಡಿದವು, ಮತ್ತೆ ಜಾರಿದವು — ಮಂಜುಗಡ್ಡೆಯ ಪೆಟ್ಟಿಗೆಯಿಂದ ಈಗಷ್ಟೇ ಎತ್ತಿದ ಬಾಟಲಿ, ಮೈಯೆಲ್ಲ ನೀರು, ಜಾರದೆ ಇನ್ನೇನು ಮಾಡೀತು, ಆ ಮನುಷ್ಯ ಯಾರೆಂದು ನನಗೆ ತಿಳಿಯದು, ಶಿರಸ್ತ್ರಾಣದೊಳಗೆ ಎಲ್ಲರೂ ಒಂದೇ, ಅವನು ನನ್ನ ಕಡೆ ಒಮ್ಮೆ ನೋಡಿ, ಮೇಜಿಗೆ ಅಂಟಿಸಿದ ನಿಯಮದ ಕಾಗದದ ಕಡೆ ಒಮ್ಮೆ ನೋಡಿ, ಬಾಟಲಿಯನ್ನು ಇದ್ದಲ್ಲಿಯೇ ಇಟ್ಟು ಹೊರಟುಹೋದ, ಕುಡಿಯದೆ. ಕೈಗವಚ ಬಿಚ್ಚಲು ಮೂರು ಬಕಲು, ತೊಡಲು ಮತ್ತೆ ಮೂರು, ಎರಡು ಕಾಳಗಗಳ ನಡುವೆ ಸಿಗುವುದು ಮೂರೇ ನಿಮಿಷ, ಆ ಕಾಗದ ಬರೆಯುವಾಗ ಇದು ನನಗೆ ಗೊತ್ತಿರಲಿಲ್ಲವೆ, ಗೊತ್ತಿತ್ತು, ಅದಕ್ಕೆ ಮೊದಲು ಒಂದು ವರುಷಕ್ಕೂ ಮೇಲೆ ಇದೇ ಬಯಲಿನಲ್ಲಿ ನೀರು ಹೊಯ್ದವನಿಗೆ ಗೊತ್ತಿರದೆ ಇರುತ್ತದೆಯೆ. ಜುಲೈ ತಿಂಗಳ ಬಿಸಿಲು, ಪೈನ್ ಮರಗಳ ನೆರಳು ಬೇಲಿಯಾಚೆಗೇ ನಿಂತಿದೆ, ಕೆಂಪು ಮಣ್ಣು ಬೂಟುಗಳ ಕೆಳಗೆ ಹಿಟ್ಟಾಗಿದೆ, ಹಗ್ಗದೊಳಗೆ ಐವತ್ತು ಅರವತ್ತು ಮಂದಿ ಐನೂರು ವರುಷಗಳ ಹಿಂದಿನ ಯುದ್ಧವೊಂದನ್ನು ಮತ್ತೆ ಆಡುತ್ತಿದ್ದಾರೆ, ಕತ್ತಿಗಳು ಬೆತ್ತದವು, ಕವಚ ಮಾತ್ರ ನಿಜವಾದ ಕಬ್ಬಿಣ, ವಾರವೆಲ್ಲ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳ ತಣ್ಣನೆಯ ಕೋಣೆಗಳಲ್ಲಿ ಕುಳಿತವರು ಶನಿವಾರ ಬಂದು ಕಬ್ಬಿಣದೊಳಗೆ ಬೇಯುತ್ತಾರೆ, ಹುಚ್ಚು ಎಂದು ಮೊದಲ ದಿನ ನನಗೂ ಅನಿಸಿತ್ತು. ಈಗ ಆ ಹುಚ್ಚಿನ ಅಂಚಿನಲ್ಲಿ, ಮೇಜಿನ ಹಿಂದೆ, ಸ್ವಯಂಸೇವಕರ ಹಳದಿ ಪಟ್ಟಿಯನ್ನು ಹೆಗಲಿನಿಂದ ಸೊಂಟಕ್ಕೆ ಬಿಗಿಸಿಕೊಂಡು ನಾನೊಬ್ಬ, ಬೆಳಗಿನಿಂದ ಇವರು ನನ್ನೊಡನೆ ಆಡಿದ ಮಾತು ಎರಡು, ಹಾಯ್ ಸಿಡ್, ಥ್ಯಾಂಕ್ಸ್ ಸಿಡ್ — ಸಿದ್ಧಲಿಂಗೇಶ ಎಂಬುದು ಅವರ ನಾಲಿಗೆಗೆ ಉದ್ದ.

ಮೇಜಿನ ಕೆಳಗೆ ಚೀಲ, ಚೀಲದೊಳಗೆ ಗಿಂಡಿ, ಎರಡು ಟವೆಲುಗಳ ನಡುವೆ ನೆಟ್ಟಗೆ ನಿಲ್ಲಿಸಿ, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದೇನೆ, ತುಂಬಿಯೇ ತಂದಿದ್ದೇನೆ, ಬೆಲ್ಲ, ನಿಂಬೆ, ಒಣಶುಂಠಿ, ಒಂದು ಚಿಟಿಕೆ ಉಪ್ಪು. ಯಾರಿಗೆಂದು ನನ್ನನ್ನೇ ನಾನು ಕೇಳಿಕೊಳ್ಳುವ ಅಗತ್ಯವಿಲ್ಲ. ಮೊನ್ನೆ ಗುರುವಾರ ಪಕ್ಕದ ಮನೆಯ ಜಯಾ, ಮಾನ್ಯಾಳ ಅಕ್ಕ, ಬೇಲಿಯ ಬಳಿ ನಿಂತು, ಮಾನ್ಯಾ ಅಟ್ಲಾಂಟಾಗೆ ಮೂವ್ ಆಗ್ತಿದಾಳೆ ಅಂಕಲ್, ಹೇಳಿದ್ಲಾ ನಿಮಗೆ, ಶನಿವಾರ ಫೀಲ್ಡಿಂದಾನೇ ಹೊರಟುಬಿಡ್ತಾಳಂತೆ, ಒಳ್ಳೆ ಕೆಲಸ ಸಿಕ್ಕಿದೆ, ಆ ಕಬ್ಬಿಣದ ಸಾಮಾನೂ ಹೊತ್ಕೊಂಡು ಹೋಗ್ತಾಳೆ ನೋಡಿ, ಇದನ್ನೆಲ್ಲ ನೋಡಿದ ಮೇಲೆ ಯಾವ ಗಂಡು ಒಪ್ಪುತ್ತೆ ಹೇಳಿ — ನಾನು ಬಹಳ ಸಂತೋಷ ಎಂದೆ, ಬಹಳ ಸಂತೋಷ, ಎರಡು ಸಲ ಎಂದೆ, ಒಳಗೆ ಬಂದು ಹೆಂಡತಿ ನೀಲಗಂಗಾಳ ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಈ ಬೆಳಗ್ಗೆ, ಎರಡು ವರುಷದಲ್ಲಿ ಮೊದಲ ಸಲ, ನಾನೂ ಮಾನ್ಯಾಳೂ ಬೇರೆ ಬೇರೆ ಕಾರಿನಲ್ಲಿ ನಮ್ಮೂರು ಏಪೆಕ್ಸ್‌ನಿಂದ ಹೊರಟೆವು, ಅವಳ ಹಿಂದಿನ ಸೀಟಿನ ತುಂಬ ಪೆಟ್ಟಿಗೆಗಳು, ಇಲ್ಲಿ ಇಳಿದವಳೇ ಕೇಳಿದಳು, ಲಾಸ್ಟ್ ಡೇ ಅಂಕಲ್, ಪಾನಕ ತಂದಿದೀರಾ, ಫಾರ್ ಮಿ. ನಿಯಮ ಇದೆಯಲ್ಲಮ್ಮ ಎಂದೆ, ಚೀಲವನ್ನು ಕಾಲಿನಿಂದ ಹಿಂದಕ್ಕೆ ಸರಿಸುತ್ತ. ಅವಳು ನಕ್ಕಳು, ಅಯ್ಯೋ ಅಂಕಲ್, ನಿಮ್ ರೂಲ್ ನಿಮಗೇ ಅಪ್ಲೈ ಆಗತ್ತಾ. ಆಗುತ್ತದೆ, ನನಗೇ ಮೊದಲು ಆಗುತ್ತದೆ, ನಾನು ಬರೆದದ್ದಲ್ಲವೆ.

ಎರಡು ವರುಷದ ಹಿಂದೆ ಅವಳೇ ನನ್ನನ್ನು ಇಲ್ಲಿಗೆ ಕರೆತಂದವಳು, ಮನೇಲಿ ಕೂತು ಏನ್ ಮಾಡ್ತೀರ, ಬನ್ನಿ, ವಾಟರ್ ಕೊಡೋರು ಕಮ್ಮಿ ಇದಾರೆ. ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ ದುಡಿಮೆ ಮುಗಿಸಿ ಏಪೆಕ್ಸ್‌ನಲ್ಲಿ ಮನೆ ಕೊಂಡದ್ದು ನೀಲಗಂಗಾಳಿಗೆ ಇಲ್ಲಿಯ ಗಿಡಮರಗಳು ಹಿಡಿಸಿದವೆಂದು, ಆ ಮನೆಯಲ್ಲಿ ಅವಳು ಬಾಳಿದ್ದು ಎಂಟು ತಿಂಗಳು, ನಮಗೆ ಮಕ್ಕಳಿಲ್ಲ, ಆಮೇಲೆ ಆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಫ್ರಿಜ್ಜೊಂದೇ. ಇಲ್ಲಿಗೆ ಬಂದ ಮೊದಲ ದಿನ ನಾನು ನೋಡಿದ್ದು — ಒಂದೇ ಲೋಟ ಒಬ್ಬನ ತುಟಿಯಿಂದ ಇನ್ನೊಬ್ಬನ ತುಟಿಗೆ, ನನಗೆ ಹೇಸಿಕೆಯಾಯಿತು, ಕಚ್ಚಿ ಕುಡೀಬ್ಯಾಡ್ರಿ, ಎತ್ತಿ ಕುಡೀರಿ, ನೀಲಗಂಗಾ ಧಾರವಾಡದ ಅಡುಗೆಮನೆಯಲ್ಲೂ ವರ್ಜೀನಿಯಾದ ಅಡುಗೆಮನೆಯಲ್ಲೂ ಹೇಳಿದ ಮಾತು, ಮರುವಾರವೇ ಅವಳ ಗಿಂಡಿ ತಂದೆ, ಗಿಳಿಯ ಕೊಕ್ಕಿನಂಥ ಸಣ್ಣ ಮೂತಿ, ಶಿರಸ್ತ್ರಾಣದ ಕಂಬಿಗಳ ನಡುವೆ ಅಳತೆ ಮಾಡಿ ಇಟ್ಟಂತೆ ತೂರಿತು. ಆರಡಿಯ ಗಂಡಸರು ನನ್ನ ಮುಂದೆ ಮೊಣಕಾಲೂರಿ, ಕತ್ತು ಹಿಂದಕ್ಕೆ ಚೆಲ್ಲಿ, ಕಂಬಿಗಳ ಹಿಂದೆ ಬಾಯಿ ತೆರೆಯುತ್ತಿದ್ದರು, ನಾನು ಒಂದು ಗೇಣು ಮೇಲಿನಿಂದ ಧಾರೆ ಬಿಡುತ್ತಿದ್ದೆ, ಗಂಟಲು ಏರಿಳಿಯುವುದು ಕಾಣುತ್ತಿತ್ತು, ಸಾಕು ಎನ್ನಲು ಕಬ್ಬಿಣದ ಕೈ ನನ್ನ ಮಣಿಕಟ್ಟನ್ನು ಮೆಲ್ಲಗೆ ಮುಟ್ಟುತ್ತಿತ್ತು, ಅರವತ್ತು ಬಾಯಿ, ಒಂದು ಗಿಂಡಿ, ಒಂದು ತುಟಿಯೂ ತಾಗಲಿಲ್ಲ. ಬಾಯಿ ತೊಯ್ದಮೇಲೆ ಮಾತು ಬರುತ್ತದೆ, ಒಬ್ಬನ ಹೆಂಡತಿ ಬಿಟ್ಟುಹೋಗಿದ್ದಾಳೆ, ಒಬ್ಬನ ತಾಯಿಗೆ ಮಗನ ಗುರುತು ಹತ್ತುವುದಿಲ್ಲ, ಅವರು ಹೇಳುತ್ತಿದ್ದರು, ನಾನು ಹೊಯ್ಯುತ್ತಿದ್ದೆ. ಎಲ್ಲರಿಗಿಂತ ಕೊನೆಗೆ ಮಾನ್ಯಾ ಬರುತ್ತಿದ್ದಳು, ಧೊಪ್ಪನೆ ಕುಳಿತು, ಅಂಕಲ್, ಹೈ ಇಂದ ಹಾಕಿ, ಫೌಂಟನ್ ತರ.

ಹೋದ ಸೆಪ್ಟೆಂಬರಿನಲ್ಲಿ ವಾಲ್ಟರ್ ಎಂಬ ದಪ್ಪನೆಯ ಮನುಷ್ಯ ನನ್ನ ಪಾನಕ ಕುಡಿದು ಹತ್ತು ನಿಮಿಷಕ್ಕೆ ಕವಚದೊಳಗೇ ವಾಂತಿ ಮಾಡಿಕೊಂಡ, ಆಂಬ್ಯುಲೆನ್ಸ್ ಬಂತು, ಬಿಸಿಲಿನ ಹೊಡೆತವೆಂದು ವೈದ್ಯರು ಹೇಳಿ ಸಂಜೆಗೆಲ್ಲ ಕಳಿಸಿಕೊಟ್ಟರು, ಅದು ಮುಗಿದ ಮಾತು. ಮುಗಿಯದ್ದು ಬೇರೆ — ಅವನನ್ನು ಎತ್ತಿ ಒಯ್ಯುತ್ತಿದ್ದಾಗ ಒಬ್ಬ ಹೆಂಗಸು, ನನ್ನಂತೆಯೇ ಹಳದಿ ಪಟ್ಟಿ ಕಟ್ಟಿದವಳು, ಗಿಂಡಿಯನ್ನೆತ್ತಿ ಬಟ್ಟೆ ಸರಿಸಿ ಮೂಸಿ ನೋಡಿದಳು. ಇದರಲ್ಲಿ ಏನಿದೆ ಎಂದು ಕೇಳಿದಳು, ಮೃದುವಾಗಿಯೇ ಕೇಳಿದಳು, ಆ ಮೃದುತ್ವ ಇಂದಿಗೂ ಮೈ ಸುಡುತ್ತದೆ, ನೀಲಗಂಗಾ ದೇವರ ಮುಂದೆ ಇಡುತ್ತಿದ್ದ ಪಾತ್ರೆಗೆ ಮೂಗು. ತಿಂಗಳೊಳಗೆ ವಿಮಾ ಕಂಪನಿಯ ಪತ್ರ, ಪಾನೀಯ ಕೊಡುವವರಿಗೆ ಲಿಖಿತ ನಿಯಮವಿರಬೇಕು, ಸ್ವಯಂಸೇವಕನೊಬ್ಬ ಒಮ್ಮೆ ಮೀರಿದರೂ ಆ ದಿನದ ರಕ್ಷಣೆ ಎಲ್ಲರಿಗೂ ರದ್ದು. ತಂಡದ ಮುಖ್ಯಸ್ಥ ಡಗ್ಲಸ್, ಬಡಗಿ ಕೆಲಸದವನು, ಪತ್ರ ಹಿಡಿದು ನನ್ನ ಮನೆಗೇ ಬಂದ, ಸಿಡ್, ಮೂವತ್ತು ವರುಷ ಇದನ್ನೇ ಬರೆದವರು ನೀವು, ನಮಗೊಂದು ಬರೆದುಕೊಡಿ. ಹೌದು, ಸರಕಾರಿ ಗುತ್ತಿಗೆಗಳಲ್ಲಿ ಯಾರಿಗೆ ಪೆಟ್ಟಾದರೆ ಯಾರು ಹೊಣೆ ಎಂಬ ಕಲಮುಗಳನ್ನು ಬರೆದೇ ನಾನು ಬದುಕಿದ್ದು, ನಿಮ್ಮ ಕಾಗದದಾಗ ಯಾರದೂ ತಪ್ಪಿರಂಗಿಲ್ಲ, ಹಂಗಾರ ಆ ಮನಿಶ್ಯಾನ ಕೈ ತಾನೇ ಮುರಕೊಂತೇನ್ರಿ ಎಂದು ನೀಲಗಂಗಾ ಚುಚ್ಚುತ್ತಿದ್ದಳು, ಅದಕ್ಕೂ ಹಿಂದೆ, ಹೈಸ್ಕೂಲಿನಲ್ಲಿ ನಿಬಂಧ ಕಲಿಸಿದ ಕರಬಸಪ್ಪ ಮಾಸ್ತರರು, ತಮ್ಮಾ, ವಾಕ್ಯ ಅಂದ್ರ ಕಣಜ ಇದ್ದಂಗ, ಇಲಿ ಹೊಗುವಷ್ಟು ಸಂದೂ ಬಿಡಬಾರದು. ಬಿಡಲಿಲ್ಲ. ಒಂದು ವಾರ ಊಟದ ಮೇಜಿನ ತುಂಬ ಕಾಗದ ಹರಡಿ ಬರೆದೆ, ನೀಲಗಂಗಾ ಹೋದಮೇಲೆ ಅಷ್ಟು ಸುಖದ ವಾರ ಇನ್ನೊಂದಿರಲಿಲ್ಲ — ಹಳದಿ ಪಟ್ಟಿ ಧರಿಸಿರುವವನೇ ಸ್ವಯಂಸೇವಕ, ಅವನು ಕಾರ್ಖಾನೆಯ ಮುದ್ರೆಯಿರುವ ಬಾಟಲಿಯ ಹೊರತು ಬೇರಾವ ಪಾನೀಯವನ್ನೂ ಕೊಡಕೂಡದು, ಮುದ್ರೆಯನ್ನು ತಾನು ಒಡೆಯಕೂಡದು, ಯೋಧನ ಬಾಯಿಗೆ ತನ್ನ ಕೈಯಿಂದ ಏನನ್ನೂ ಹೊಯ್ಯಕೂಡದು, ಬಾಟಲಿಯನ್ನು ಮೇಜಿನ ಮೇಲಿಟ್ಟು ಹಿಂದೆ ಸರಿಯತಕ್ಕದ್ದು. ಇನ್ನು ಯಾವ ಮೂಗೂ ನನ್ನ ಪಾತ್ರೆಯ ಹತ್ತಿರ ಬಾರದು, ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅದೊಂದೇ, ಯೋಧರೂ ಇರಲಿಲ್ಲ, ಅವರ ಬಾಯಾರಿಕೆಯೂ ಇರಲಿಲ್ಲ. ಡಗ್ಲಸ್ ಪೆನ್ಸಿಲಿನಿಂದ ಅಂಚಿನಲ್ಲಿ ಒಂದು ಸಾಲು ಸೇರಿಸಿದ್ದ, ಯೋಧನೇ ಕೇಳಿದರೆ ಸಹಾಯ ಮಾಡಬಹುದು, ವಕ್ರವಾದ ಬಡಗಿಯ ಅಕ್ಷರ, ನಾನು ಕೆಂಪು ಶಾಯಿಯಿಂದ ಅದನ್ನು ಹೊಡೆದುಹಾಕಿದೆ, ಇದೇ ಇಲಿ ಹೊಗುವ ಸಂದು ಎಂದು ಅವನಿಗೆ ವಿವರಿಸಿದೆ. ಅವನು ತಲೆದೂಗಿ, ಬಹಳ ಬಿಗಿಯಾಗಿದೆ ಸಿಡ್ ಎಂದ, ನಾನು ಹೊಗಳಿಕೆ ಎಂದುಕೊಂಡೆ. ಮಾನ್ಯಾ ಓದಿ ಕಾಗದ ತಿರುಗಿಸಿ ನೋಡಿದಳು, ಹಿಂದೆ ಇನ್ನೇನಾದರೂ ಇದೆಯೋ ಎಂಬಂತೆ, ಅಂಕಲ್, ಹಾಗಾದ್ರೆ ನೀವು ಏನ್ ಮಾಡ್ತೀರ.

ಮೇಜಿನ ಹಿಂದೆ ಕೂಡುತ್ತೇನೆ, ಇದನ್ನೇ ಮಾಡುತ್ತೇನೆ, ಹತ್ತು ತಿಂಗಳಾಯಿತು, ಗಂಟಲುಗಳನ್ನು ನೋಡಿ. ಕೊಂಬು ಊದಿತು, ಕಾಳಗ ನಿಂತಿತು, ಇನ್ನೊಂದೇ ಉಳಿದಿದೆ, ಕೊನೆಯದು. ಧೂಳಿನೊಳಗಿಂದ ಒಂದು ನೀಲಿ ಅಂಗಿಯ ಕವಚ ಈಚೆಗೇ ಬರುತ್ತಿದೆ, ಎಡಗಾಲು ಸ್ವಲ್ಪ ಹೊರಕ್ಕೆ ಎಸೆದು, ಅದು ಅವಳ ನಡಿಗೆ, ಮೇಜಿನ ಮುಂದೆ ನಿಂತಳು, ಕಂಬಿಗಳ ಹಿಂದೆ ಉಸಿರು ಗರಗಸದಂತೆ, ಸೋ ಹಾಟ್ ಅಂಕಲ್, ಬಾಟಲಿ ಎತ್ತಿಕೊಂಡಳು, ಬಿಳಿಯ ಮುಚ್ಚಳದ ಮೇಲೆ ಕಬ್ಬಿಣದ ಎರಡು ಬೆರಳು, ಜಾರಿದವು. ಬಕಲ್ ಬೆಂಡ್ ಆಗ್ಬಿಟ್ಟಿದೆ, ಗ್ಲವ್ ಬರ್ತಾನೇ ಇಲ್ಲ, ನೀವೇ ಓಪನ್ ಮಾಡ್ಕೊಡಿ, ಪ್ಲೀಸ್. ಅವಳು ಕೇಳಿದಳು, ಯೋಧನೇ ಕೇಳಿದರೆ, ಕೆಂಪು ಶಾಯಿ. ಡಗ್ಲಸ್ ಇಪ್ಪತ್ತು ಹೆಜ್ಜೆಯಲ್ಲಿ ಕೊಂಬು ಹಿಡಿದು ನಿಂತಿದ್ದಾನೆ, ಒಮ್ಮೆ ಮೀರಿದರೂ ಎಲ್ಲರ ರಕ್ಷಣೆ ರದ್ದು, ಅರವತ್ತು ಮಂದಿಯ ತಲೆ, ಕೈ, ಮೂಳೆ, ನನ್ನ ಒಂದು ತಿರುವಿನಿಂದ — ನನ್ನ ಕಾಲು ಚೀಲಕ್ಕೆ ತಾಗಿತು, ಗಿಂಡಿ ಒಳಗೆ ಟಣ್ ಎಂದಿತು, ಅವಳಿಗೆ ಕೇಳಿಸಿತೆ, ಕೇಳಿಸಿರಬೇಕು, ತಲೆ ಸ್ವಲ್ಪ ಓರೆಯಾಯಿತು, ಕಾದಳು. ನಾನು ಬಾಯಿ ತೆರೆದೆ, ನಿಯಮ ಇದೆಯಲ್ಲಮ್ಮ, ಬೆಳಗ್ಗೆ ಹೇಳಿದ್ದೇ ಬಂತು. ಪರವಾಗಿಲ್ಲ ಅಂಕಲ್, ಇಟ್ಸ್ ಓಕೆ, ಮತ್ತೊಮ್ಮೆ ತಾನೇ ಪ್ರಯತ್ನಿಸಿದಳು, ಜಾರಿತು, ಬಾಟಲಿಯನ್ನು ಮೇಜಿನ ಮೇಲೆ, ಅದು ಮೊದಲಿದ್ದ ಒದ್ದೆ ಗುರುತಿನ ಮೇಲೆಯೇ, ಇಟ್ಟು ಹೋದಳು. ಹಗ್ಗದ ಬಳಿ ಯಾರದೋ ಹೆಂಡತಿ ಮುಚ್ಚಳ ತಿರುಗಿಸಿ ಗಂಡನ ಕಂಬಿಗಳೊಳಗೆ ನೀರು ಹೊಯ್ಯುತ್ತಿದ್ದಾಳೆ, ಎದೆಗೆಲ್ಲ ಚೆಲ್ಲಿ, ನಗುತ್ತ, ಡಗ್ಲಸ್ ಅದನ್ನು ನೋಡುತ್ತಲೇ ಇದ್ದಾನೆ, ಏನೂ ಅನ್ನುತ್ತಿಲ್ಲ, ಏಕೆ ಅನ್ನುತ್ತಿಲ್ಲ — ಅವಳ ಹೆಗಲಿಗೆ ಪಟ್ಟಿ ಇಲ್ಲ. ಹಳದಿ ಪಟ್ಟಿ ಧರಿಸಿರುವವನೇ ಸ್ವಯಂಸೇವಕ. ಮೊದಲನೆಯ ವಾಕ್ಯ, ನನ್ನದೇ ವಾಕ್ಯ, ಸಂದಿಲ್ಲವೆಂದು ಹತ್ತು ತಿಂಗಳು ಬೀಗಿದ ಆ ಕಣಜದ ಮುಂಬಾಗಿಲೇ ತೆರೆದಿತ್ತು, ಪಟ್ಟಿ ಬಿಚ್ಚಿಟ್ಟರೆ ನಾನು ಯಾರೂ ಅಲ್ಲ, ಒಬ್ಬ ಮುದುಕ, ಪಕ್ಕದ ಮನೆಯವನು, ಅವಳಿಗೆ ಪಾನಕ ತಂದವನು, ಯಾವ ಕಲಮೂ ನನ್ನನ್ನು ತಡೆಯದು, ಮಾಸ್ತರೇ, ಸಂದು ಇದೆ, ಇದೆ. ಗಂಟು ಸೊಂಟದ ಬಳಿ, ಬೆಳಗ್ಗೆ ಡಗ್ಲಸ್ ಎರಡು ಸುತ್ತು ಬಿಗಿದ ಗಂಟು, ನನ್ನ ಬೆರಳ ಗೆಣ್ಣುಗಳು ಬಾಗುವುದಿಲ್ಲ, ಉಗುರಿಗೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು, ಬಿಚ್ಚಿತು, ಪಟ್ಟಿ ಬಾಟಲಿಗಳ ಮೇಲೆ, ಗಿಂಡಿ ಕೈಯಲ್ಲಿ, ಬಟ್ಟೆ ಎಲ್ಲಿ ಬಿತ್ತೋ, ಹಗ್ಗದವರೆಗೆ ಓಡಿದೆನೆಂದು ಕಾಣುತ್ತದೆ, ತೋಳಿನ ಮೇಲೆ ಬೆಲ್ಲದ ನೀರು ಹರಿಯುತ್ತಿದೆ. ಕೊಂಬು ಊದಿತು. ಧೂಳು ಎದ್ದಿತು, ಅರವತ್ತು ಶಿರಸ್ತ್ರಾಣಗಳು, ನೀಲಿ ಅಂಗಿ ಒಂದಲ್ಲ, ಏಳೆಂಟು, ಯಾರ ಎಡಗಾಲು ಹೊರಕ್ಕೆ ಹೋಗುತ್ತಿದೆ, ಮಾನ್ಯಾ, ಎಂದೆ, ಬೆತ್ತದ ಸದ್ದಿನಲ್ಲಿ ನನಗೇ ಕೇಳಲಿಲ್ಲ, ಮುಗಿದಮೇಲೆ ಯಾರಾದರೂ ಇಕ್ಕಳ ತಂದು ಬಕಲು ಮುರಿದಾರು, ಶಿರಸ್ತ್ರಾಣ ತೆಗೆದು ತನ್ನ ಕೈಯಿಂದ ತಾನೇ ಕುಡಿದಾಳು, ಬೈ ಅಂಕಲ್ ಎಂದಾಳು, ಪೆಟ್ಟಿಗೆಗಳ ನಡುವೆ ಜಾಗ ಮಾಡಿ ಕಬ್ಬಿಣವನ್ನು ಇಟ್ಟಾಳು, ಅಟ್ಲಾಂಟಾ ಆರು ತಾಸಿನ ಹಾದಿ, ಆಗ ಈ ಗಿಂಡಿ, ಈ ಕೈ ಅವಳಿಗೆ ಬೇಕಾಗದು — ಹಿಂದೆ ಮೇಜಿನ ಮೇಲೆ ಅವಳು ಇಟ್ಟುಹೋದ ಬಾಟಲಿ ಬಿಸಿಲಿನಲ್ಲಿ ನಿಂತಿದೆ, ಮುದ್ರೆ ಹಾಗೆಯೇ ಇದೆ, ಬಿಳಿಯ ಮುಚ್ಚಳ, ಕಬ್ಬಿಣದ ಎರಡು ಬೆರಳು, ಜಾರಿದವು, ಮತ್ತೆ ಹಿಡಿದವು, ಬಿಳಿಯ ಮುಚ್ಚಳ, ಎರಡು ಬೆರಳು —